ಕ್ರಿಕೆಟ್ ಕಲಿತ ಕಣ್ಣಿಗೆ ಬೇಸ್‌ಬಾಲ್ ಹೊಡೆತ

(ಶಿವಮೊಗ್ಗದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಜಿಲ್ಲೆಯ ಏಳೂ ತಾಲ್ಲೂಕುಗಳಿಂದ ಬಂದಿರುವ ಶಿಕ್ಷಕ ಮಿತ್ರರಿಗೂ, ಮಕ್ಕಳನ್ನು ಕರೆತಂದಿರುವ ತಂದೆತಾಯಂದಿರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬೇಸ್‌ಬಾಲ್ ಬಗ್ಗೆ ಮಾತೆತ್ತಿದ ಕೂಡಲೇ ಕೇಳಿಬರುವ ಪ್ರಶ್ನೆ, ಕ್ರಿಕೆಟ್ ಇರುವಾಗ ಇದೇಕೆ ಎಂಬುದು. ಅದಕ್ಕೆ ವಿವರವಾಗಿ ಉತ್ತರಿಸುತ್ತ ನಿಂತರೆ ಇವತ್ತಿನ ಹೊತ್ತೆಲ್ಲ ಅದಕ್ಕೇ ಹೋದೀತು. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡೂ ಇವೆ, ಅಂತರ ವಿಶ್ವವಿದ್ಯಾಲಯ ಪಂದ್ಯಗಳೂ ನಡೆಯುತ್ತವೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟೂ ಬೇಸ್‌ಬಾಲೂ ಒಟ್ಟಿಗೇ ಇರುತ್ತವೆ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ. ನನ್ನ ವಿಷಯ ಇದಕ್ಕಿಂತ ಚಿಕ್ಕದು. ಅಮೆರಿಕದಲ್ಲೋ ಜಪಾನಿನಲ್ಲೋ ಮಗುವಿನ ಕೈಗೆ ಮೊದಲು ಸಿಗುವುದು ಬೇಸ್‌ಬಾಲ್ ಬ್ಯಾಟು. ನಮ್ಮ ಮಕ್ಕಳಾದರೋ ನಮ್ಮ ಬಳಿ ಬರುವ ಹೊತ್ತಿಗೆ ಆರೇಳು ವರ್ಷ ಕ್ರಿಕೆಟ್ ಆಡಿಯೇ ಬಂದಿರುತ್ತಾರೆ. ಹೀಗಾಗಿ ಇಲ್ಲಿ ಹೊಡೆತ ಕಲಿಸುವವನು, ಅವರು ಕಲಿತು ತಂದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಿಸಬೇಕು ಎಂದು ಮೊದಲು ನೋಡಿಕೊಳ್ಳಬೇಕಾಗುತ್ತದೆ. ಬಿಡಿಸಬೇಕಾದ್ದರಲ್ಲಿ ಮೊದಲನೆಯದು ಕಣ್ಣಿನ ಅಭ್ಯಾಸ, ಕೈಯದು ಅದರ ನಂತರ ಎಂಬುದು ನನ್ನ ಅಭಿಪ್ರಾಯ. ಇಂದಿನ ಮಾತೆಲ್ಲ ಹೆಚ್ಚುಕಡಿಮೆ ಅದನ್ನೇ ಕುರಿತದ್ದು.

ಹೊಸನಗರದ ಕಡೆಯ ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ನೆನಪಿಸಿಕೊಳ್ಳುತ್ತೇನೆ. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಅವನ ಊರಿನಲ್ಲೆಲ್ಲ ಅವನದೇ ಹೆಸರು. ಮೊದಲ ದಿನ ಬೇಸ್‌ಬಾಲ್ ಬ್ಯಾಟು ಕೊಟ್ಟು, ಸಾಧಾರಣ ವೇಗದಲ್ಲಿ ನೇರವಾಗಿ ಎದೆಮಟ್ಟಕ್ಕೆ ಎಸೆದರೂ ಒಂದೊಂದೇ ಚೆಂಡು ಅವನ ಬ್ಯಾಟನ್ನು ದಾಟಿ ಹೋಗುತ್ತಿತ್ತು. ಎಸೆಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು, ಬಲೆಯ ಹಿಂದೆ ಪಕ್ಕದಲ್ಲಿ ನಿಂತು ಅವನ ಟೋಪಿಯನ್ನಷ್ಟೇ ನೋಡಿದೆ. ಚೆಂಡು ಎಸೆಯುವವನ ಕೈಬಿಟ್ಟ ತುಸು ಹೊತ್ತಿಗೆ ಟೋಪಿಯ ಅಂಚು ಕೆಳಕ್ಕೆ ಬಾಗುತ್ತಿತ್ತು, ಅವನ ಮುಂದಿನ ನೆಲವನ್ನು ನೋಡುತ್ತಿತ್ತು, ಮತ್ತೆ ಗಡಿಬಿಡಿಯಲ್ಲಿ ಮೇಲೇಳುತ್ತಿತ್ತು. ಅಷ್ಟರಲ್ಲಿ ಚೆಂಡು ಹಿಂದಿನ ಬಲೆಗೆ ಹೊಡೆದಿರುತ್ತಿತ್ತು. “ಏನಾಯ್ತು ಮಾರಾಯ?” ಎಂದು ಕೇಳಿದೆ. “ಸರ್, ಬಾಲ್ ಪಿಚ್ಚೇ ಆಗಲ್ವಲ್ಲ ಸರ್” ಎಂದ. ತನ್ನ ತೊಂದರೆಯನ್ನು ಇಷ್ಟು ಸರಿಯಾಗಿ ಹೇಳಿದ ಶಿಷ್ಯ ನನಗೆ ಮತ್ತೊಬ್ಬ ಸಿಕ್ಕಿಲ್ಲ.

ಅವನು ಹೇಳಿದ್ದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಎಂಬ ಇಬ್ಬರು ವಿಜ್ಞಾನಿಗಳು ಕ್ರಿಕೆಟ್ ಬ್ಯಾಟರುಗಳ ಕಣ್ಣಿನ ಚಲನೆಯನ್ನು ಅಳೆದು 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬ್ಯಾಟರ್ ಚೆಂಡನ್ನು ಬೌಲರನ ಕೈಯಿಂದ ತನ್ನ ಬ್ಯಾಟಿನವರೆಗೆ ಬಿಡದೆ ಹಿಂಬಾಲಿಸುವುದಿಲ್ಲ. ಕೈಯಿಂದ ಬಿಡುವ ಕ್ಷಣವನ್ನು ನೋಡುತ್ತಾನೆ, ಆಮೇಲೆ ಚೆಂಡು ನೆಲಕ್ಕೆ ಬೀಳುವ ಜಾಗವನ್ನು ಊಹಿಸಿ ಕಣ್ಣನ್ನು ಅಲ್ಲಿಗೆ ಹಾರಿಸಿ ಕಾಯುತ್ತಾನೆ. ಒಳ್ಳೆಯ ಬ್ಯಾಟರನ ಕಣ್ಣು ಆ ಜಾಗಕ್ಕೆ ಬೇಗ ಹಾರುತ್ತದೆ. ಎಂದರೆ ನಮ್ಮ ಹುಡುಗ ಎಷ್ಟು ಒಳ್ಳೆಯ ಕ್ರಿಕೆಟಿಗನೋ, ಅವನ ಕಣ್ಣು ಅಷ್ಟು ಚುರುಕಾಗಿ ನೆಲಕ್ಕೆ ಹೋಗುತ್ತದೆ. ಚೆಂಡು ನೆಲ ಮುಟ್ಟದೆಯೇ ಬರುವ ಬೇಸ್‌ಬಾಲಿನಲ್ಲಿ ಆ ನೆಲದ ಮೇಲೆ ನೋಡುವುದಕ್ಕೆ ಏನೂ ಇಲ್ಲ. ಊರಿನ ಅತ್ಯುತ್ತಮ ಬ್ಯಾಟರ್ ಮೊದಲ ವಾರ ಎಲ್ಲರಿಗಿಂತ ಹೆಚ್ಚು ಒದ್ದಾಡುವುದನ್ನು ನೀವು ಕಂಡಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಅಂಥವನಿಗೆ “ಸರಿಯಾಗಿ ನೋಡು” ಎಂದು ಗದರಿಸಿ ಪ್ರಯೋಜನವಿಲ್ಲ, ಅವನು ತನಗೆ ಗೊತ್ತಿರುವ ಸರಿಯಾದ ರೀತಿಯಲ್ಲೇ ನೋಡುತ್ತಿದ್ದಾನೆ.

ಹಾಗಾದರೆ ಬೇಸ್‌ಬಾಲ್ ಬ್ಯಾಟರ್ ಎಲ್ಲಿ ನೋಡಬೇಕು? ಚೆಂಡನ್ನು ಬ್ಯಾಟಿಗೆ ತಾಗುವವರೆಗೂ ನೋಡಬೇಕೆಂಬುದು ಎಲ್ಲ ತರಬೇತುದಾರರ ಬಾಯಿಪಾಠ. ಆದರೆ ಟೆರ್ರಿ ಬಾಹಿಲ್ ಎಂಬ ಅಮೆರಿಕದ ಸಂಶೋಧಕರು 1984ರಲ್ಲೇ ತೋರಿಸಿದಂತೆ ಅದು ಮನುಷ್ಯರ ಕಣ್ಣಿಗೆ ಸಾಧ್ಯವಾಗುವ ಕೆಲಸವಲ್ಲ. ಅವರು ಪರೀಕ್ಷಿಸಿದ ವೃತ್ತಿಪರ ಆಟಗಾರನೂ ಚೆಂಡು ಪ್ಲೇಟಿನಿಂದ, ಎಂದರೆ ಬ್ಯಾಟರನ ಪಕ್ಕ ನೆಲಕ್ಕೆ ಹಾಸಿದ ಬಿಳಿ ಹಲಗೆಯಿಂದ, ಸುಮಾರು ಐದೂವರೆ ಅಡಿ ದೂರದಲ್ಲಿರುವವರೆಗೆ ಮಾತ್ರ ಅದನ್ನು ಹಿಂಬಾಲಿಸಬಲ್ಲವನಾಗಿದ್ದ, ಆಮೇಲಿನದು ಅಂದಾಜು. ಹೀಗಿರುವಾಗ ಕೊನೆಯ ಐದಡಿಯ ಬಗ್ಗೆ ಮಗುವಿಗೆ ಉಪದೇಶ ಮಾಡುವುದಕ್ಕಿಂತ ಮೊದಲ ಹದಿನೈದಡಿಯ ಬಗ್ಗೆ ಕೆಲಸ ಮಾಡುವುದು ಮೇಲು. ಎಸೆಯುವವನ ಟೋಪಿಯ ಮೇಲೆ ಕಣ್ಣಿಟ್ಟಿರು, ಅವನ ಕೈ ಮೇಲೆ ಬಂದಾಗ ಕೈಯ ಪಕ್ಕದ ಜಾಗಕ್ಕೆ ಕಣ್ಣು ಹೋಗಲಿ, ಚೆಂಡು ಅಲ್ಲಿಂದ ಹೊರಡುವುದನ್ನು ನೋಡು ಎಂದು ಹೇಳಬೇಕು. ತಲೆ ಅಲ್ಲಾಡಬಾರದು. ಗದ್ದ ಮುಂದಿನ ಭುಜದ ಮೇಲಿನಿಂದ ಹೊರಟು ಹೊಡೆತ ಮುಗಿಯುವಾಗ ಹಿಂದಿನ ಭುಜಕ್ಕೆ ಬಂದಿದ್ದರೆ ತಲೆ ನಿಂತಲ್ಲೇ ನಿಂತಿತ್ತು ಎಂದು ತಿಳಿಯಬಹುದು.

ಇದಕ್ಕೆ ನಾನು ಮಾಡಿಸುವ ಅಭ್ಯಾಸದಲ್ಲಿ ಬ್ಯಾಟು ಬೀಸುವುದೇ ಇಲ್ಲ. ಮಗು ಹೆಲ್ಮೆಟ್ ಹಾಕಿ, ಬ್ಯಾಟು ಹಿಡಿದು, ಪೂರ್ತಿ ತಯಾರಾಗಿ ನಿಲ್ಲುತ್ತದೆ. ಎಸೆಯುವುದು ಟೆನಿಸ್ ಚೆಂಡು, ಹಿಂದೆ ಹಿಡಿಯುವವರು ಒಬ್ಬರು. ಚೆಂಡು ಅರ್ಧದಾರಿ ಬರುವ ಮೊದಲೇ ಮಗು “ಹೊಡಿ” ಅಥವಾ “ಬಿಡು” ಎಂದು ಗಟ್ಟಿಯಾಗಿ ಕೂಗಬೇಕು. ಪ್ಲೇಟಿನ ಅಗಲ 17 ಇಂಚು, ಎಂದರೆ 43 ಸೆಂಟಿಮೀಟರು; ಕೆಳಗೆ ಮಂಡಿ, ಮೇಲೆ ಭುಜಕ್ಕೂ ಸೊಂಟಕ್ಕೂ ನಡುವಿನ ಮಟ್ಟ. ಈ ಚೌಕಟ್ಟಿನೊಳಗೆ ಬರುವ ಚೆಂಡಿಗೆ “ಹೊಡಿ”, ಉಳಿದದ್ದಕ್ಕೆ “ಬಿಡು”. ಹಿಡಿದವರು ಸರಿಯೋ ತಪ್ಪೋ ಹೇಳುತ್ತಾರೆ. ಮೊದಮೊದಲು ಮಕ್ಕಳು ಚೆಂಡು ಕೈಗವಸಿಗೆ ಸೇರಿದ ಮೇಲೆ ಕೂಗಿ ತಾವೇ ನಗುತ್ತಾರೆ. ಮೂರ್ನಾಲ್ಕು ವಾರಗಳಲ್ಲಿ ಕೂಗು ಮುಂದಕ್ಕೆ ಸರಿಯುತ್ತದೆ, ಟೋಪಿಯ ಅಂಚು ಬಾಗುವುದು ನಿಲ್ಲುತ್ತದೆ. ಹೊಡೆಯುವ ಆಸೆಯಿಂದ ಬಂದ ಮಕ್ಕಳಿಗೆ ಇದು ಬೇಸರದ ಕೆಲಸ ಎಂಬ ಆಕ್ಷೇಪಣೆ ಬರುತ್ತದೆ. ಬೇಸರ ಹೌದು, ಆದ್ದರಿಂದ ಒಂದು ಸರದಿಗೆ ಹತ್ತು ಹದಿನೈದು ಚೆಂಡು ಸಾಕು, ಉಳಿದ ಹೊತ್ತಿನಲ್ಲಿ ಟೀ ಎಂಬ ನಿಲುಗಂಬದ ಮೇಲಿಟ್ಟ ಚೆಂಡನ್ನು ಹೊಟ್ಟೆತುಂಬ ಹೊಡೆಯಲಿ.

ಈ ಆಯ್ಕೆಯ ಶಿಕ್ಷಣಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಸಮಯದ ಲೆಕ್ಕವೇ ಕಾರಣ. ದೊಡ್ಡವರ ಆಟದಲ್ಲಿ ಪಿಚರ್, ಎಂದರೆ ಚೆಂಡು ಎಸೆಯುವವನು, ನಿಲ್ಲುವ ಜಾಗದಿಂದ ಪ್ಲೇಟಿಗೆ 60 ಅಡಿ 6 ಇಂಚು, ಎಂದರೆ 18.44 ಮೀಟರು; 1893ರಿಂದ ಇದು ಬದಲಾಗಿಲ್ಲ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ಮುಗಿಸುತ್ತದೆ, ಅದರಲ್ಲಿ ಬ್ಯಾಟು ಬೀಸುವುದಕ್ಕೇ ಸುಮಾರು 0.15 ಸೆಕೆಂಡು ಬೇಕು. ಮಕ್ಕಳ ಲೀಗ್‌ಗಳಲ್ಲಿ ದೂರ 46 ಅಡಿ, ಹದಿನಾಲ್ಕು ಮೀಟರು. ಅಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎಸೆಯುವ ಮಗುವಿನ ಎದುರು ನಿಂತ ಇನ್ನೊಂದು ಮಗುವಿಗೆ ಸಿಗುವುದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಕ್ರಿಕೆಟ್ಟಿನಲ್ಲಿ ಅನುಮಾನ ಬಂದಾಗ ಮುಂದಿನ ಕಾಲಿಟ್ಟು ತಡೆದು ನಿಲ್ಲಿಸಬಹುದು, ಬೆರಳು ತಾಗಿಸಿದ ಹಾಗೆ ತಾಗಿಸಿ ಹಿಂದಕ್ಕೆ ಕಳಿಸಬಹುದು. ಬೇಸ್‌ಬಾಲಿನಲ್ಲಿ ತಡೆಯುವ ಹೊಡೆತವೆಂಬುದೇ ಇಲ್ಲ ಎನ್ನಬಹುದು. ಮುಂದಿನ ತೊಂಬತ್ತು ಡಿಗ್ರಿಯೊಳಗೆ ಚೆಂಡನ್ನು ಕಳಿಸಬೇಕು, ಕಳಿಸಿದ ಮೇಲೆ ಓಡಲೇಬೇಕು. ಬಿಡುವುದಕ್ಕೆ ಅಲ್ಲಿ ಬೆಲೆಯೂ ಇದೆ, ಚೌಕಟ್ಟಿನ ಹೊರಗಿನ ನಾಲ್ಕು ಚೆಂಡುಗಳನ್ನು ಬಿಟ್ಟವನಿಗೆ ಮೊದಲ ಬೇಸು, ಎಂದರೆ ಹೊಡೆದು ಓಡಿ ಸೇರಬೇಕಾದ ಮೊದಲ ನೆಲೆ, ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ಉಳಿಸಿಕೊಳ್ಳಬೇಕಾದ ಸಂಗತಿಗಳು. ಕೈಹಿಡಿತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಲಗೈ ಆಟಗಾರ ಕ್ರಿಕೆಟ್ಟಿನಲ್ಲಿ ಎಡಗೈಯನ್ನು ಹಿಡಿಕೆಯ ತುದಿಗೆ, ಬಲಗೈಯನ್ನು ಅಲಗಿನ ಕಡೆಗೆ ಇಡುತ್ತಾನೆ. ಇಲ್ಲಿಯೂ ಅದೇ, ಬ್ಯಾಟು ಮೇಲ್ಮುಖವಾಗಿದೆ ಅಷ್ಟೆ. ಅಂಗೈಯಲ್ಲಿ ಹಿಡಿಯದೆ ಬೆರಳುಗಳಲ್ಲಿ ಹಿಡಿಯಲಿ, ಎರಡೂ ಕೈಗಳ ನಡುಗೆಣ್ಣುಗಳು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಲಿ. ಬಿಗಿಯಾಗಿ ಹಿಡಿದರೆ ಚೆಂಡು ದೂರ ಹೋಗುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. ಚೆಂಡೂ ಬ್ಯಾಟೂ ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಆ ಕ್ಷಣದಲ್ಲಿ ಹಿಡಿತದ ಬಿಗಿ ಚೆಂಡಿಗೆ ಮುಟ್ಟುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ಬಿಗಿಹಿಡಿತದಿಂದ ಮಣಿಕಟ್ಟು ಸೆಟೆದು ಬೀಸು ನಿಧಾನವಾಗುತ್ತದೆ ಎಂಬುದೊಂದೇ ಅದರ ಫಲ.

ಮಣಿಕಟ್ಟಿನ ವಿಷಯಕ್ಕೆ ಬಂದರೆ ಈ ಜಿಲ್ಲೆಗೆ ಒಂದು ಹೆಮ್ಮೆಯಿದೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಇಲ್ಲೇ ಭದ್ರಾವತಿಯಲ್ಲಿ. ಎತ್ತರದ ಆಳಲ್ಲ, ಆದರೂ ಅವರ ಸ್ಕ್ವೇರ್ ಕಟ್ಟನ್ನು ನೋಡಲಿಕ್ಕೆಂದೇ ಜನ ಮೈದಾನಕ್ಕೆ ಹೋಗುತ್ತಿದ್ದರು. ಮಕ್ಕಳಿಗೆ ಬೇಸ್‌ಬಾಲಿನ ಬೀಸನ್ನು ಪರಿಚಯಿಸುವಾಗ ನಾನು ಕಟ್ ಹೊಡೆತದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕ್ರಿಕೆಟ್ಟಿನ ಹೊಡೆತಗಳಲ್ಲಿ ಬ್ಯಾಟು ಅಡ್ಡವಾಗಿ, ಕೈಗಳು ಚಾಚಿಕೊಂಡು, ಚೆಂಡನ್ನು ತಡವಾಗಿ ಸಂಧಿಸುವುದು ಅದರಲ್ಲೇ. ವ್ಯತ್ಯಾಸವನ್ನೂ ಕೂಡಲೇ ಹೇಳಿಬಿಡಬೇಕು. ಕಟ್ಟಿನಲ್ಲಿ ಮೈಭಾರ ಹಿಂದಿನ ಕಾಲಿಗೆ ಹೋಗುತ್ತದೆ ಮತ್ತು ಬ್ಯಾಟು ಮೇಲಿನಿಂದ ಕೆಳಕ್ಕೆ ಬರುತ್ತದೆ. ಬೇಸ್‌ಬಾಲಿನಲ್ಲಿ ಭಾರ ಹಿಂದಿನಿಂದ ಮುಂದಕ್ಕೆ ಬಂದು, ಮುಂದಿನ ಕಾಲು ಗಟ್ಟಿಯಾಗಿ ನಿಂತು, ಅದರ ಮೇಲೆ ಸೊಂಟ ತಿರುಗುತ್ತದೆ. ಬಿಡಿಸಬೇಕಾದ ಹೊಡೆತವೆಂದರೆ ಪುಲ್. ಟೆನಿಸ್ ಬಾಲಿನಲ್ಲಿ ಲೆಗ್ ಕಡೆಗೆ ಎಳೆದು ಹೊಡೆದು ರೂಢಿಯಾದವನು ಮಣಿಕಟ್ಟನ್ನು ಬೇಗ ಮಗುಚುತ್ತಾನೆ, ಚೆಂಡು ಉರುಳಿಕೊಂಡು ಎಡಗಡೆಯ ಫೌಲ್ ಗೆರೆಯಾಚೆಗೆ ಹೋಗುತ್ತದೆ. ಅವನಿಗೆ ಟೀಯನ್ನು ಹೊರಬದಿಗೆ, ತುಸು ಹಿಂದಕ್ಕೆ ಇಟ್ಟು ಎದುರುಗಡೆಯ ಮೂಲೆಗೆ ಹೊಡೆಸಬೇಕು. ಒಳಬದಿಯ ಚೆಂಡನ್ನು ಮೈಯಿಂದ ಮುಂದೆ, ಹೊರಬದಿಯದನ್ನು ಹತ್ತಿರ ಬಿಟ್ಟುಕೊಂಡು ಹೊಡೆಯುವುದು ಎಂಬ ನಿಯಮ ಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಟೀಯ ಜಾಗ ಬದಲಿಸಿ ಬದಲಿಸಿ ಹೊಡೆಸಿದರೆ ಮೈಗೆ ಹತ್ತುತ್ತದೆ.

ಶಕ್ತಿ ಬರುವುದು ಕಾಲಿನಿಂದ ಮೇಲಕ್ಕೆ. ಅಂಗಳಕ್ಕೆ ಬಕೆಟ್ಟಿನ ನೀರನ್ನು ದೂರ ಎರಚಬೇಕಾದರೆ ಯಾರೂ ಕೈಯನ್ನು ಮೊದಲು ಒಯ್ಯುವುದಿಲ್ಲ, ಕಾಲೂರಿ ಸೊಂಟ ತಿರುಗಿಸುತ್ತಾರೆ, ಬಕೆಟ್ಟು ಹಿಂದಿನಿಂದ ಬರುತ್ತದೆ. ಅದನ್ನೇ ಮಾಡಿ ತೋರಿಸಿದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಹೆಜ್ಜೆ ಚಿಕ್ಕದಿರಲಿ. ಕ್ರಿಕೆಟ್ಟಿನ ಡ್ರೈವ್ ಆಡುವವರಂತೆ ಚೆಂಡಿನ ಬಳಿಗೆ ದೊಡ್ಡ ಹೆಜ್ಜೆ ಇಟ್ಟರೆ ತಲೆಯೂ ಜೊತೆಗೆ ಮುಂದೆ ಕೆಳಗೆ ಹೋಗುತ್ತದೆ, ಮೊದಲೇ ಕಡಿಮೆಯಿರುವ ಸಮಯ ಇನ್ನೂ ಕಡಿಮೆಯಾಗುತ್ತದೆ. ಜಪಾನಿನ ಸದಹರು ಓ ಒಂದು ಕಾಲನ್ನು ಎತ್ತಿ ನಿಂತು 868 ಹೋಮ್ ರನ್ ಹೊಡೆದರೆಂದು ಮೊಬೈಲಿನಲ್ಲಿ ನೋಡಿ ಬಂದ ಮಕ್ಕಳು ಹಾಗೇ ನಿಲ್ಲಲು ಹೋಗುತ್ತಾರೆ. ಅವರಿಗೆ ನಿಲ್ಲಲು ಬಿಡಿ, ಎರಡು ಸಲ ತೂರಾಡಿದ ಮೇಲೆ ತಾವೇ ಕಾಲು ಕೆಳಗಿಡುತ್ತಾರೆ.

ಬೀಸಿನ ಕೋನದ ಬಗ್ಗೆ ನನ್ನದೊಂದು ತಕರಾರಿದೆ. ಕೆಳಮುಖವಾಗಿ ಹೊಡೆಯಬೇಕೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಪಿಚರ್ ನಿಲ್ಲುವ ದಿಬ್ಬ 1969ರಿಂದ ಹತ್ತು ಇಂಚು ಎತ್ತರ, ಅಲ್ಲಿಂದ ತೋಳೆತ್ತಿ ಎಸೆದ ಚೆಂಡು ಇಳಿಜಾರಾಗಿಯೇ ಬರುತ್ತದೆ. ಇಳಿಯುತ್ತ ಬರುವ ಚೆಂಡಿನ ದಾರಿಯಲ್ಲಿ ಬ್ಯಾಟು ಹೆಚ್ಚು ಹೊತ್ತು ಇರಬೇಕಾದರೆ ಅದು ತಾಗುವಾಗ ಬಹಳ ಸ್ವಲ್ಪ ಮೇಲ್ಮುಖವಾಗಿರಬೇಕು. ಆದರೆ ಇದನ್ನು ನಮ್ಮ ಮಕ್ಕಳಿಗೆ ಹೇಳುವಾಗ ಎಚ್ಚರ ಬೇಕು. ಸಿಕ್ಸರಿನ ಆಸೆಯಿಂದ ಅವರು ಹಿಂದಿನ ಭುಜವನ್ನು ಇಳಿಸಿ ಗೋರುವ ಹಾಗೆ ಎತ್ತುತ್ತಾರೆ, ಚೆಂಡು ನೆತ್ತಿಯ ಮೇಲೆ ಏರಿ ಹತ್ತಿರದಲ್ಲೇ ಬೀಳುತ್ತದೆ. ಆದ್ದರಿಂದ ನಾನು ಕೋನದ ಮಾತನ್ನೇ ಆಡುವುದಿಲ್ಲ. ಚೆಂಡನ್ನು ಎಸೆದವನ ಎದೆಯ ಕಡೆಗೇ ವಾಪಸು ಕಳಿಸು ಎನ್ನುತ್ತೇನೆ. ಹಾಗೆ ಕಳಿಸಲು ಬೇಕಾದ ಕೋನವನ್ನು ಮೈಯೇ ಹುಡುಕಿಕೊಳ್ಳುತ್ತದೆ. ಎಸೆಯುವವರ ಮುಂದೆ ಅಡ್ಡಬಲೆ ಇಲ್ಲದೆ ಈ ಅಭ್ಯಾಸ ಮಾಡಿಸಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ರಿಕೆಟ್ ಬ್ಯಾಟಿನ ಅಗಲ 10.8 ಸೆಂಟಿಮೀಟರು, ಮುಖ ಚಪ್ಪಟೆ. ಬೇಸ್‌ಬಾಲ್ ಬ್ಯಾಟು ದುಂಡಗೆ, ದೊಡ್ಡವರ ಮರದ ಬ್ಯಾಟಿನಲ್ಲಿ ಅತಿ ದಪ್ಪದ ಜಾಗವೇ 6.6 ಸೆಂಟಿಮೀಟರು. ಅದು ನೋಡಿ ಹೆದರುವ ಮಕ್ಕಳಿಗೆ ಚಿನ್ನಿದಾಂಡನ್ನು ನೆನಪಿಸಬೇಕು. ದುಂಡಗಿನ ಸಣ್ಣ ಕೋಲಿನಿಂದ, ಗಾಳಿಯಲ್ಲಿರುವ ವಸ್ತುವನ್ನು, ಅದು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಆಟ ನಮ್ಮಲ್ಲಿ ಕ್ರಿಕೆಟ್ಟಿಗಿಂತ ಹಳೆಯದು. ತೀರ್ಥಹಳ್ಳಿ, ಸಾಗರದ ಹಳ್ಳಿಗಳ ಶಾಲೆಗಳಲ್ಲಿ ಅದನ್ನು ಆಡಿದ ಮಕ್ಕಳು ಇನ್ನೂ ಸಿಗುತ್ತಾರೆ. ಅವರ ಕಣ್ಣು ನೆಲಕ್ಕೆ ಹಾರುವುದು ಕಡಿಮೆ ಎಂದು ನನಗೆ ಅನ್ನಿಸಿದೆ. ಆಡದವರಿಗೆ ಒಂದೆರಡು ದಿನ ಆಡಿಸಿದರೂ ನಷ್ಟವಿಲ್ಲ, ಕಣ್ಣಿಗೆ ಚಿನ್ನಿ ಬಡಿಯದಂತೆ ಉಳಿದವರನ್ನು ದೂರ ನಿಲ್ಲಿಸಿದರಾಯಿತು. ಬ್ಯಾಟಿನ ಆಯ್ಕೆಯಲ್ಲಿ ಒಂದೇ ಪರೀಕ್ಷೆ ಸಾಕು. ಒಂದೇ ಕೈಯಲ್ಲಿ ಭುಜಮಟ್ಟಕ್ಕೆ ಚಾಚಿ ಹಿಡಿಯಲು ಹೇಳಿ. ಸ್ವಲ್ಪ ಹೊತ್ತಿಗೇ ತೋಳು ನಡುಗಿದರೆ ಬ್ಯಾಟು ಭಾರವಾಯಿತು. ಅಣ್ಣನಿಗೆ ತಂದದ್ದು ತಮ್ಮನಿಗೂ ಆಗಲಿ ಎಂದು ದೊಡ್ಡದನ್ನು ತರಬೇಡಿ ಎಂದು ತಂದೆತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ. ಭಾರದ ಬ್ಯಾಟನ್ನು ನಿಧಾನವಾಗಿ ಬೀಸುವುದಕ್ಕಿಂತ ಹಗುರದ್ದನ್ನು ವೇಗವಾಗಿ ಬೀಸಿದರೆ ಮಕ್ಕಳ ಚೆಂಡು ಚೆನ್ನಾಗಿ ಹೋಗುತ್ತದೆ.

ಮಳೆಗಾಲದ ಪ್ರಶ್ನೆಯನ್ನು ಮಲೆನಾಡಿನಲ್ಲಿ ಬಿಡುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೈದಾನವೆಲ್ಲ ರಾಡಿ, ಆಗುಂಬೆಯ ಸುತ್ತಮುತ್ತ ಮೈದಾನದ ಮಾತೇ ಬೇಡ. ನೀರು ಕುಡಿದ ಚರ್ಮದ ಚೆಂಡು ಭಾರವಾಗುತ್ತದೆ, ಜಾರುತ್ತದೆ. ಆದರೆ ಟೀ ಅಭ್ಯಾಸಕ್ಕೆ ಬೇಕಾಗುವುದು ಶಾಲೆಯ ಜಗುಲಿಯಷ್ಟು ಜಾಗ. ತೋಟದ ಸ್ಪ್ರಿಂಕ್ಲರ್ ಪೈಪಿನ ತುಂಡನ್ನು ಸಿಮೆಂಟು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ತುದಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿದರೆ ಟೀ ಸಿದ್ಧ. ಎದುರಿಗೆ ನರ್ಸರಿಗೆ ಕಟ್ಟುವ ಹಸಿರು ನೆರಳುಬಲೆಯನ್ನು ಎರಡು ಪದರ ಮಾಡಿ ಸಡಿಲವಾಗಿ ಇಳಿಬಿಟ್ಟರೆ ಪ್ಲಾಸ್ಟಿಕ್ ಚೆಂಡಾಗಲಿ, ಕಾಲುಚೀಲ ಸುತ್ತಿ ಮಾಡಿದ ಚೆಂಡಾಗಲಿ ಅಲ್ಲೇ ನಿಲ್ಲುತ್ತದೆ. ಬಿಗಿಯಾಗಿ ಕಟ್ಟಿದರೆ ಚೆಂಡು ತಿರುಗಿ ಮುಖಕ್ಕೇ ಬರುತ್ತದೆ. ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಬ್ಯಾಟು ಇರಬೇಕು. ಜಗುಲಿಯಂಥ ಇಕ್ಕಟ್ಟಿನಲ್ಲಿ ಚೆಂಡಿಗಿಂತ ಪಕ್ಕದವನ ಬ್ಯಾಟಿನ ಅಪಾಯವೇ ದೊಡ್ಡದು.

ಅಪಾಯದ ಮಾತು ಬಂದಿದ್ದರಿಂದ ಚೆಂಡಿನಿಂದ ತಪ್ಪಿಸಿಕೊಳ್ಳುವುದನ್ನೂ ಇಲ್ಲೇ ಹೇಳುತ್ತೇನೆ. 1920ರಲ್ಲಿ ರೇ ಚಾಪ್‌ಮನ್ ಎಂಬ ಮೇಜರ್ ಲೀಗ್ ಆಟಗಾರ ತಲೆಗೆ ಚೆಂಡು ಬಿದ್ದು ತೀರಿಕೊಂಡರು, ಆಗ ಹೆಲ್ಮೆಟ್ ಇರಲಿಲ್ಲ. ಇಂದು ಎರಡೂ ಕಿವಿ ಮುಚ್ಚುವ ಹೆಲ್ಮೆಟ್ ಇಲ್ಲದ ಮಗುವನ್ನು ಎಸೆತದ ಎದುರು ನಿಲ್ಲಿಸುವಂತಿಲ್ಲ. ನಮ್ಮ ಕ್ರಿಕೆಟ್ ಮಕ್ಕಳು ಮೈಮೇಲೆ ಬರುವ ಚೆಂಡಿಗೆ ಎದುರಾಗಿಯೇ ನಿಂತು ಹಿಂದಕ್ಕೆ ಬಾಗುತ್ತಾರೆ, ಮುಖ ಬಯಲಾಗಿಯೇ ಉಳಿಯುತ್ತದೆ. ಬೇಸ್‌ಬಾಲಿನಲ್ಲಿ ಗದ್ದವನ್ನು ಎದೆಗೆ ಒತ್ತಿಕೊಂಡು, ಮುಂದಿನ ಭುಜವನ್ನು ಒಳಕ್ಕೆ ತಿರುಗಿಸಿ, ಬೆನ್ನು ಕೊಡಬೇಕು, ಬ್ಯಾಟನ್ನು ಕೆಳಗೆ ಬಿಡಬೇಕು. ಇದನ್ನು ಟೆನಿಸ್ ಚೆಂಡಿನಲ್ಲಿ ಮೊದಲ ವಾರವೇ ರೂಢಿ ಮಾಡಿಸಬೇಕು. ಬೆನ್ನು ಕೊಡಲು ಬರುವ ಮಗು ಪ್ಲೇಟಿನ ಹತ್ತಿರ ಧೈರ್ಯವಾಗಿ ನಿಲ್ಲುತ್ತದೆ; ಬಾರದ ಮಗುವಿನ ಮುಂದಿನ ಕಾಲು ಪ್ರತಿ ಎಸೆತಕ್ಕೂ ಹೊರಗೆ ಸರಿಯುತ್ತದೆ, ಹೊರಬದಿಯ ಚೆಂಡು ಅದರ ಬ್ಯಾಟಿಗೆ ಎಟಕುವುದೇ ಇಲ್ಲ. ಹೊಡೆತದ ದೋಷವೆಂದು ನಾವು ತಿದ್ದಲು ಹೊರಡುವುದು ಎಷ್ಟೋ ಸಲ ಬರೀ ಹೆದರಿಕೆಯಾಗಿರುತ್ತದೆ.

ಕೊನೆಯದಾಗಿ ಅಂಕಪಟ್ಟಿಯ ವಿಚಾರ. ಕ್ರಿಕೆಟ್ಟಿನಲ್ಲಿ ಒಂದು ಸಲ ಔಟಾದರೆ ಮಗು ಮರದಡಿ ಕೂತು ಸಂಜೆಯವರೆಗೆ ಕಾಯಬೇಕು, ಆ ಭಯವನ್ನು ಇಲ್ಲಿಗೂ ಹೊತ್ತು ತರುತ್ತದೆ. 1941ರಲ್ಲಿ ಟೆಡ್ ವಿಲಿಯಮ್ಸ್ .406 ಸರಾಸರಿ, ಎಂದರೆ ಸಾವಿರ ಸರದಿಗೆ 406 ಯಶಸ್ವಿ ಹೊಡೆತದ ಲೆಕ್ಕ, ಸಾಧಿಸಿದ್ದನ್ನು ಅಮೆರಿಕನ್ನರು ಈಗಲೂ ಕೊಂಡಾಡುತ್ತಾರೆ. ಅಂಥ ವರ್ಷದಲ್ಲೂ ಅವರ ಲೆಕ್ಕಕ್ಕೆ ಬಂದ ಸರದಿಗಳಲ್ಲಿ ಹತ್ತಕ್ಕೆ ಆರರಷ್ಟು ವಿಫಲವಾಗಿದ್ದವು. ಮೂರು ಹೊಡೆದು ಏಳು ತಪ್ಪಿದವನು ಅಲ್ಲಿ ಒಳ್ಳೆಯ ಬ್ಯಾಟರ್. ಇದನ್ನು ಪೋಷಕರಿಗೂ ಮೊದಲೇ ತಿಳಿಸಿರಬೇಕು, ಇಲ್ಲವಾದರೆ ಪಂದ್ಯ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲೇ ಮಗುವಿಗೆ ಬೈಗುಳ ಶುರುವಾಗುತ್ತದೆ. ನನ್ನ ಪುಸ್ತಕದಲ್ಲಿ ಚಿಕ್ಕ ಮಕ್ಕಳ ಹೆಸರಿನ ಮುಂದೆ ನಾನು ರನ್ನನ್ನಾಗಲೀ ಹಿಟ್ಟನ್ನಾಗಲೀ ಬರೆಯುವುದಿಲ್ಲ. ಬಿಡಬೇಕಾದ್ದನ್ನು ಬಿಟ್ಟರೆ ಒಂದು ಗೆರೆ, ಹೊಡೆಯಬೇಕಾದ್ದಕ್ಕೆ ಬೀಸಿದರೆ, ತಾಗಲಿ ಬಿಡಲಿ, ಒಂದು ಗೆರೆ. ನೇರವಾಗಿ ಫೀಲ್ಡರನ ಕೈಗೇ ಹೋದ ಬಲವಾದ ಹೊಡೆತಕ್ಕೂ ಗೆರೆ ಉಂಟು. ಹೊರಗಿನ ಚೆಂಡನ್ನು ಅಟ್ಟಿಸಿಕೊಂಡು ಹೋಗಿ ಅದೃಷ್ಟಕ್ಕೆ ತಾಗಿಸಿ ಬೇಸು ಸೇರಿದವನಿಗೆ ಗೆರೆ ಇಲ್ಲ. ಮೊದಲ ತಿಂಗಳು ಮಕ್ಕಳು ಇದಕ್ಕೆ ಜಗಳ ಮಾಡುತ್ತಾರೆ, “ಸರ್, ನಾನು ಬೇಸಿಗೆ ಹೋದೆನಲ್ಲ” ಎನ್ನುತ್ತಾರೆ. ಎರಡನೆಯ ತಿಂಗಳಿಂದ ಬೆಂಚಿನ ಮೇಲೆ ಕೂತವರೇ ಆಡುತ್ತಿರುವವರ ಗೆರೆಗಳನ್ನು ಎಣಿಸತೊಡಗುತ್ತಾರೆ, ಮತ್ತು ಪ್ರತಿ ಎಸೆತಕ್ಕೂ ಅಲ್ಲಿಂದಲೇ “ಹೊಡಿ”, “ಬಿಡು” ಎಂದು ಕೂಗುತ್ತಾರೆ. ಪಂದ್ಯದ ದಿನ ಮಾತ್ರ ಆ ಕೂಗನ್ನು ನಿಲ್ಲಿಸಬೇಕಾಗುತ್ತದೆ, ಅಂಪೈರಿಗೆ ಸಿಟ್ಟು ಬರುತ್ತದೆ.